ಚಾಲುಕ್ಯರ ಕಾಲಕ್ಕೆ ವರ್ಗವಾದ ಫೌಜದಾರ

ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ ಒಳಗೆ ಯಾರಿದ್ದಾರೆಂದು ಹೇಳುತ್ತಿದ್ದ, ನನ್ನ ಈರಣ್ಣಮಾಮಾ. ‘ಗಂಗವ್ವಾಯಿ ಬಂದಾಳ, ಎಡಮೊಣಕಾಲು ಭಾಳ ನೋಯಾಕತ್ತೈತಿ’ ಎಂದು ಹೊರಗಿನಿಂದಲೇ ಕೂಗಿದ್ದು, ಒಳಗೆ ಆಯಿ, ನಮ್ಮ ಅಜ್ಜಿ, ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದದ್ದು ಈಗಲೂ ಕಣ್ಣ ಮುಂದಿದೆ. ಇಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅನುಮಾನ. ಇದನ್ನು ನಾನು ಕಂಡೆನೋ, ಅವನು ಹೇಳಿದ್ದನ್ನು ಕೇಳಿ ಕಂಡೆನೆಂದುಕೊಂಡೆನೋ? ಕೆಲವು ವಿವರ ತಪ್ಪಿರಬಹುದು. ಅವನು ಹೇಳುತ್ತಿದ್ದ ಫೌಜದಾರನ ಕಥೆಯ ವಿಷಯದಲ್ಲಿ ಮಾತ್ರ ಧೈರ್ಯವಿದೆ. ಅವನ ಮಗಳು ಸವಿತಾಳಿಗೂ ಅದು ಹಾಗೆಯೇ ನೆನಪಿದೆ.

ಮಾಮಾ ಪೊಲೀಸ್ ಇಲಾಖೆಯಲ್ಲಿ ಕಳ್ಳತನದ ಕೇಸು ನೋಡುತ್ತಿದ್ದ. ಬೇಸಿಗೆಯಲ್ಲಿ ಸವಿತಾಳನ್ನು ಕರೆದುಕೊಂಡು ಬಾದಾಮಿಯ ನಮ್ಮ ಮನೆಗೆ ಬಂದನೆಂದರೆ ಕಥೆ ಶುರು. ಈಗಿನ ಕಾಲದ ಫೌಜದಾರನೊಬ್ಬ ಕಳ್ಳನ ಬೆನ್ನುಹತ್ತಿ ನಮ್ಮೂರ ಗುಡ್ಡದ ಬಿರುಕಿನಲ್ಲಿ ನುಗ್ಗುತ್ತಾನೆ. ಆಚೆ ಹೊರಬಿದ್ದರೆ ಚಾಲುಕ್ಯರ ಕಾಲ! ಮೈಮೇಲೆ ಖಾಕಿ, ಕೈಯಲ್ಲಿ ಏಳು ಪರ್ಸೆಂಟ್ ಚಾರ್ಜ್ ಉಳಿದ ಮೊಬೈಲು.

‘ಫೋನ್ ಹಚ್ಚಲಿ ಮಾಮಾ!’

‘ಯಾರಿಗೆ? ರಾಜಾನ ನಂಬರ್ ನಿನ್ನ ಕಡೆ ಐತೇನ?’

ಆ ದಿನವೇ ಪಟ್ಟದಕಲ್ಲಿನಲ್ಲಿ ಯಾರೋ ಹೊಸ ಮೂರ್ತಿಯ ತೋಳಿಗೆ ಉಳಿ ಹೊಡೆದು ಮುರಿದಿದ್ದರು. ಫೌಜದಾರ ಶಾಬಾಸ್‌ಗಿರಿಯ ಆಸೆಗೆ ಹಿಂದೆಮುಂದೆ ನೋಡದೆ, ಬಲಗೈಯಲ್ಲಿ ಸುತ್ತಿಗೆ ಬೀಸುತ್ತಿದ್ದ ಮಾರ ಎಂಬ ಕಲ್ಲುಕುಟಿಗನನ್ನು ಹಿಡಿದುಕೊಟ್ಟ. ಮಾರನಿಗೆ ಬಂದೀಖಾನೆಯಾಯಿತು. ಆಮೇಲೆ ಫೌಜದಾರ ನಿಧಾನಕ್ಕೆ ಮೂರ್ತಿಯ ಗಾಯ ನೋಡುತ್ತಾನೆ: ಉಳಿಯ ಗೆರೆಗಳೆಲ್ಲ ತಿರುವುಮುರುವು!

ಇಲ್ಲಿಗೆ ಬಂದಾಗ ಮಾಮಾ ಕಥೆ ನಿಲ್ಲಿಸಿ ಹಿತ್ತಲಿನಿಂದ ಎರಡು ಇಟ್ಟಂಗಿ ತಂದ. ನನಗೊಂದು, ಸವಿತಾಳಿಗೊಂದು ಮೊಳೆ.

‘ಹೊಡೀರಿ. ಯಾರ ಕೈ ಹ್ಯಾಂಗ್ ಬರತೈತೋ ಹಾಂಗ.’

ಹೊಡೆದೆವು. ಅವಳ ಗೆರೆಗಳು ಒಂದು ಕಡೆ ವಾಲಿದ್ದವು, ನನ್ನವು ಇನ್ನೊಂದು ಕಡೆ. ನಾನು ಎಡಚಿ. ಊಟಕ್ಕೆ ಕೂತಾಗಲೆಲ್ಲ ಆಯಿಯಿಂದ ಏಟು ತಿನ್ನುತ್ತಿದ್ದ ಕೈ ಅದು.

‘ಮಾರ ಬಲಗೈಯಾಂವ!’ ಎಂದು ಕಿರುಚಿದೆ. ‘ಮಾಮಾ, ಅಂವ ಮುರದಿಲ್ಲ! ಇದು ಎಡಗೈಯಾಂವನ ಕೆಲಸ!’

‘ಭಲೇ ಯವ್ವಾ! ನೀ ನಮ್ಮ ಸ್ಟೇಶನ್ನಿನ್ಯಾಗ ಇರಬೇಕಾಗಿತ್ತು ನೋಡು.’

ಅಂದು ನಾನು ಮೊಳೆ ಹಿಡಿದ ಕೈಯನ್ನು ತಲೆಯ ಮೇಲೆತ್ತಿ ಇಡೀ ಓಣಿ ಸುತ್ತಿದೆ. ಮಾಮಾನನ್ನು ಕಾಡಿಸಿ ಮರುದಿನ ಬಸ್ಸು ಹತ್ತಿಸಿದೆವು. ಪಟ್ಟದಕಲ್ಲಿನಲ್ಲಿ ಕಂಡ ಕಂಡ ಶಿಲೆಯ ಮುಂದೆ ‘ಇದು ಯಾವ ಕೈ?’ ‘ಅದು ಯಾವ ಕೈ?’ ಎಂದು ಇಬ್ಬರೂ ಜಗಳ.

‘ಮೆಲ್ಲಕ ಒದರ್ರಿ,’ ಎಂದ ಮಾಮಾ. ‘ಕೆತ್ತಿದಾವ್ರು ಎದ್ದು ಬಂದಾರು.’

ಆದರೆ ಫೌಜದಾರ ವಾಪಸು ಬರಲೇ ಇಲ್ಲ. ಪ್ರತಿ ಬೇಸಿಗೆಯ ಕಥೆಯಲ್ಲೂ ಮಾರನನ್ನು ಬಿಡಿಸಲು ರಾಜನ ಅಧಿಕಾರಿಗಳ ಮುಂದೆ ನಿಲ್ಲುತ್ತಿದ್ದ, ಅವರು ಹಿಂದಕ್ಕೆ ಅಟ್ಟುತ್ತಿದ್ದರು.

‘ಬಿರುಕು ಅಲ್ಲೇ ಐತೆಲ್ಲ, ಓಡಿ ಬರಬಾರದಾ?’ ಎಂದು ಸವಿತಾ ಸಿಡುಕಿದಳು.

‘ಹ್ಯಾಂಗ್ ಬರ್ತಾನ? ಮಾರ ಒಳಗದಾನ. ಹಿಡದಾಂವ ಇಂವನ.’

ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಒಮ್ಮೆ ಬಾಗಲಕೋಟೆಯ ಅವನ ಮನೆಗೆ ಹೋದೆ. ಮಾಮಾ ನಿವೃತ್ತನಾಗಿದ್ದ, ಸೊರಗಿದ್ದ. ಶೇಂಗಾ ಸುಲಿಯುತ್ತ ಕೂತಿದ್ದವನನ್ನು ನಗಿಸಲೆಂದೇ ಕೇಳಿದೆ: ‘ಏನ್ ಮಾಮಾ, ನಿನ್ನ ಫೌಜದಾರ ಬಂದನೋ ಇಲ್ಲೋ?’

ಅವನು ನಗಲಿಲ್ಲ.

‘ಮಾರ ಅಂಬಾಂವ ಕಲ್ಲುಕುಟಿಗ್ಯಾ ಅಲ್ಲವ್ವಾ. ಪಂಪ್ ರಿಪೇರಿ ಮಾಡಾಂವ, ಶಿರೂರಿನ್ಯಾಂವ. ಅಂಗಡಿ ಕೀಲಿ ಮುರದಾನಂತ ನಾನ ಹಿಡದಿದ್ದೆ. ಎರಡು ವರ್ಷ ಜೇಲಾತು. ಮುರದಾಂವ ಎಡಚ ಇದ್ದ ಅಂತ ಆಮ್ಯಾಲೆ ತಿಳೀತು. ಮ್ಯಾಲಿನವ್ರಿಗೆ ಹೇಳಿದೆ. ಕೇಸು ಮುಗದೈತಿ, ಸುಮ್ಮನಿರು ಅಂದ್ರು.’

‘ಮತ್ತ ನೀ?’

‘ಸುಮ್ಮನಿದ್ದೆ.’

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ನಿಜವಾಗಿ ನಿಂತಿತ್ತೋ, ನಿಂತಿತ್ತೆಂದು ನಾನು ಆಮೇಲೆ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಮುಂದಿನ ತಿಂಗಳು ಮಾಮಾ ತೀರಿಕೊಂಡ.

ಅವನ ಕೊನೆಯ ದಿನಗಳಲ್ಲಿ ಜೊತೆಗಿದ್ದವಳು ಅತ್ತೆಯೊಬ್ಬಳೇ. ಹೋದ ವಾರ ಬಾಗಲಕೋಟೆಗೆ ಹೋಗಿ, ಅವಳ ಎದುರಿಗೇ ಕೂತು ಕೇಳಿದ್ದೇನೆ. ಉತ್ತರಕ್ಕೆ ಇನ್ನೂ ಕಾಯುತ್ತಿದ್ದೇನೆ. ನಾನು ಕೇಳಿದ್ದು ಇಷ್ಟೇ:

‘ಅತ್ತಿ, ಮಾಮಾ ಒಮ್ಮೆರ ಶಿರೂರಿಗೆ ಹೋಗಿ ಆ ಪಂಪ್ ರಿಪೇರಿಯಾಂವನ ಮುಂದ ನಿಂತಿದ್ದನೇನ?’