ಎಣ್ಣೆ ಕುಡಿದ ಸೀಮೆಸುಣ್ಣ

ಎಂಬತ್ತರ ದಶಕದ ನಡುವೆ ನಾನು ಬೆಂಗಳೂರಿನ ಜಯನಗರದ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ. ಒಂದು ದಿನ ಸಫಾರಿ ಸೂಟು ತೊಟ್ಟವರೊಬ್ಬರು ಬಂದು ಸಣ್ಣ ಕೈಗಾರಿಕೆಗಳ ಬಗ್ಗೆ ಭಾಷಣ ಮಾಡಿದರು. "ಓದಿ ಕೆಲಸ ಹುಡುಕಬೇಡಿ, ನಾಲ್ಕು ಜನಕ್ಕೆ ಕೆಲಸ ಕೊಡಿ" ಎಂದರು. ಉಳಿದವರೆಲ್ಲ ಕೊನೆಗೆ ಹಂಚಿದ ಬಿಸ್ಕತ್ತು ತಿಂದು ಭಾಷಣವನ್ನು ಮರೆತರು. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಮಾತ್ರ ಮರೆಯಲಿಲ್ಲ.

ಅವಳು ಪಕ್ಕದ ಸುದ್ದಗುಂಟೆಪಾಳ್ಯದ ಹಳೇ ಮನೆತನದವಳು. ಅವರ ರಾಗಿ ಹೊಲ ಲೇಔಟಿಗೆ ಹೋಗಿತ್ತು. ಅವಳಪ್ಪ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು.

"ನಮ್ಮ ಚಿಕ್ಕಪ್ಪ ಸೀಮೆಸುಣ್ಣ ಮಾಡೋ ಟ್ರೈನಿಂಗ್ ತಗೊಂಡು ಅಚ್ಚು ತಂದಿದ್ರು ಕಣೇ. ಮದುವೆ ಆದ್ಮೇಲೆ ಬಿಟ್ಬಿಟ್ರು. ಅಟ್ಟದಲ್ಲಿದೆ, ಇಳಿಸೋಣ" ಅಂದಳು.

ಇಳಿಸಿದೆವು. ಅಲ್ಯುಮಿನಿಯಂ ಅಚ್ಚು, ಒಳಗೆ ಜೇಡಗಳ ಸಂಸಾರ. ಪ್ಲಾಸ್ಟರ್ ಪುಡಿಯನ್ನು ನೀರಿನಲ್ಲಿ ಕಲಸಿ ಅಚ್ಚಿಗೆ ಸುರಿಯಬೇಕು, ಗಟ್ಟಿಯಾದ ಮೇಲೆ ಬಿಡಿಸಿ ಬಿಸಿಲಿಗೆ ಇಡಬೇಕು. ಅಷ್ಟೇ ವಿದ್ಯೆ. ಆದರೆ ಮೊದಲ ಸಲ ಎಲ್ಲವೂ ಅಚ್ಚಿಗೆ ಕಚ್ಚಿಕೊಂಡು ಮುರಿದವು. ಅಂಟದಿರಲಿ ಎಂದು ಗೆಳತಿ ಅಡುಗೆಮನೆಯಿಂದ ಕಡಲೆಕಾಯಿ ಎಣ್ಣೆ ತಂದು ದೋಸೆ ಹೆಂಚಿಗೆ ಹಾಕಿದ ಹಾಗೆ ಧಾರಾಳವಾಗಿ ಸವರಿದಳು. ಈ ಸಲ ಒಂದೊಂದೂ ಜಾರಿ ಹೊರಬಂತು. ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿದ್ದವು. ಬರೆದು ನೋಡಬೇಕು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಎರಡು ಡಬ್ಬ ತುಂಬಿಸಿ ಹೆಡ್‌ಮಿಸ್ ಕೋಣೆಗೆ ಹೋದೆವು. ಅವರಿಗೆ ಕಣ್ಣು ತುಂಬಿ ಬಂತು. ಮರುದಿನ ಪ್ರಾರ್ಥನೆಯ ಹೊತ್ತಿಗೆ ನಮ್ಮನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, "ಇನ್ನು ಮುಂದೆ ನಮ್ಮ ಶಾಲೆಗೆ ನಮ್ಮ ಮಕ್ಕಳು ಮಾಡಿದ ಸೀಮೆಸುಣ್ಣವೇ" ಎಂದು ಘೋಷಿಸಿದರು.

ಮೊದಲ ಪೀರಿಯಡ್ಡು ಲೆಕ್ಕದ ಮೇಷ್ಟ್ರದು. ಮಾತು ಕಡಿಮೆ, ಬೋರ್ಡಿನ ಮೇಲೆ ಬರೆಯುವುದು ಜಾಸ್ತಿ. ಅಂದು ಗೀಚಿದರು, ಏನೂ ಮೂಡಲಿಲ್ಲ. ಒತ್ತಿ ಗೀಚಿದರು, ಸೀಮೆಸುಣ್ಣ ಜಾರಿಕೊಂಡು ಬೋರ್ಡಿನ ಅಂಚಿಗೆ ಹೋಯಿತು. ಮೇಜಿನ ಡ್ರಾಯರಿನಲ್ಲಿದ್ದ ಹಳೆಯ ತುಂಡು ಹುಡುಕಿ ಬರೆದರೆ ಅದೂ ಮೂಡಲಿಲ್ಲ. ನಮ್ಮದು ಹೋದ ದಾರಿಯಲ್ಲೆಲ್ಲ ಬೋರ್ಡು ಜಿಡ್ಡಾಗಿತ್ತು. ಬೆಲ್ ಹೊಡೆಯುವವರೆಗೂ ಒಂದು ಲೆಕ್ಕವೂ ಆಗಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಮೇಷ್ಟ್ರು ಆಚೆ ಹೋದದ್ದೇ ತಡ, ಇಡೀ ಕ್ಲಾಸು ನಮ್ಮ ಬೆಂಚನ್ನು ಮುತ್ತಿಕೊಂಡಿತು.

"ಸಖತ್ತಾಗಿದೆ ಕಣ್ರೇ. ನಾಳೆಗೂ ಇದೇ ಮಾಲು ಇರ್ಲಿ."

ಸಂಜೆ ಗೆಳತಿ ಒಂದು ಸೀಮೆಸುಣ್ಣವನ್ನು ನೋಟ್‌ಬುಕ್ಕಿನ ಮೇಲಿಟ್ಟಳು. ಹಾಳೆಯ ಮೇಲೆ ಬಜ್ಜಿ ಇಟ್ಟಂಥ ಕಲೆ ಮೂಡಿತು.

"ಎಣ್ಣೆ ಕಣೇ. ಕಮ್ಮಿ ಮಾಡಿದ್ರೆ ಸರಿಹೋಗತ್ತೆ."

"ಹಾಗಾದ್ರೆ ಕಮ್ಮಿ ಮಾಡೋಣ" ಅಂದೆ.

"ಯಾಕೆ? ಗಿರಾಕಿಗಳಿಗೆ ಇಷ್ಟ ಆಗಿದೆಯಲ್ಲ."

ನನ್ನ ಮನಸ್ಸಾಕ್ಷಿ ಸ್ವಲ್ಪ ಚುಚ್ಚಿತು ನಿಜ. ಆದರೆ ಮರುದಿನ ಹತ್ತನೇ ತರಗತಿಯ ಲೀಡರ್ ಒಂದು ಕರ್ಚೀಫು ತುಂಬ ನೆಲ್ಲಿಕಾಯಿ ತಂದು, "ನಾಳೆ ನಮಗೆ ಜಾಮಿಟ್ರಿ ಟೆಸ್ಟು, ಪ್ರಶ್ನೆ ಬೋರ್ಡ್ ಮೇಲೆ ಬರೀತಾರೆ. ಸ್ವಲ್ಪ ಸ್ಪೆಷಲ್ ಮಾಲು ನೋಡ್ರಮ್ಮ" ಎಂದ. ನೆಲ್ಲಿಕಾಯಿ ಬಾಯಿಗೆ ಬಿದ್ದ ಮೇಲೆ ಚುಚ್ಚುವುದು ನಿಂತಿತು. ಆಮೇಲೆ ಸೀಬೆಕಾಯಿ ಬಂತು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಬಂತು. ಮೇಷ್ಟ್ರುಗಳು ಒಳಗೊಳಗೇ ಬೇಯುತ್ತಿದ್ದರು, ಆದರೆ ಹೆಡ್‌ಮಿಸ್ ಎದುರು ದೂರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೋರ್ಡಿಗೆ ಎರಡು ಸಲ ಕಪ್ಪು ಬಳಿಸಿದರು. ಬಳಿದ ದಿನವೂ ಪಾಠವಿಲ್ಲ.

ಒಂದು ಶನಿವಾರ ಮಧ್ಯಾಹ್ನ ಗೆಳತಿಯ ಮನೆಯ ಹಿತ್ತಿಲಲ್ಲಿ ನಾವು ಅಚ್ಚಿನ ಮುಂದೆ ಕುಳಿತಿದ್ದಾಗ ಮುಂಬಾಗಿಲ ಬಳಿ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಲೆಕ್ಕದ ಮೇಷ್ಟ್ರು. ಗೆಳತಿ ಎಣ್ಣೆ ಬಟ್ಟಲನ್ನು ಬೆನ್ನ ಹಿಂದೆ ಸರಿಸಿದಳು. ಗೆಳತಿಯ ಅಜ್ಜಿ ಅವರನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು.

"ಮಕ್ಕಳು ಕೆಲಸ ಹೇಗೆ ಮಾಡ್ತಾರೆ ನೋಡೋಣ ಅಂತ ಬಂದೆ" ಎಂದರು ಮೇಷ್ಟ್ರು.

ಅಜ್ಜಿಗೆ ಅಷ್ಟೇ ಸಾಕಾಯಿತು. "ಕೆಲಸ ಏನೋ ಮಾಡ್ತವೆ ಸಾರ್. ಆದ್ರೆ ಮನೇಲಿರೋ ಎಣ್ಣೆನೆಲ್ಲ ಆ ಸುಣ್ಣಕ್ಕೇ ಕುಡಿಸ್ಬಿಟ್ರು. ಒಗ್ಗರಣೆಗೆ ಒಂದು ತೊಟ್ಟೂ ಇಲ್ಲ."

ಮೇಷ್ಟ್ರು ತಮ್ಮ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ಅದಕ್ಕೇ ಹದಿನೈದು ದಿನದಿಂದ ನನ್ನ ಕೈ ವಡೆ ವಾಸನೆ ಹೊಡೀತಿದೆ" ಎಂದರು. ಬೈಯಲಿಲ್ಲ. ಮಜ್ಜಿಗೆ ಮುಗಿಸಿ, ಸೈಕಲ್ ಹತ್ತಿ ಹೋದರು.

ಹೋಗುವಾಗ ದಾರಿಯಲ್ಲಿ ಸಿಕ್ಕ ನಮ್ಮ ಕ್ಲಾಸಿನವರಿಗೆಲ್ಲ ಒಂದು ಸುದ್ದಿ ಮುಟ್ಟಿಸಿದ್ದರು: ಸೋಮವಾರ ಟೆಸ್ಟು, ಒಬ್ಬೊಬ್ಬರೂ ಬೋರ್ಡಿನ ಮೇಲೆ ಲೆಕ್ಕ ಮಾಡಬೇಕು, ಸೀಮೆಸುಣ್ಣ ನಮ್ಮಿಂದಲೇ ತಗೊಳ್ಳಬೇಕು, ಅದು ಬರೆಯದಿದ್ದರೆ ಸೊನ್ನೆ. ಸಂಜೆಯೊಳಗೆ ಸೀಬೆಕಾಯಿ ಕೊಟ್ಟವರು, ಮಾವಿನಕಾಯಿ ಕೊಟ್ಟವರು ಎಲ್ಲರೂ ಬಾಗಿಲಿಗೆ ಬಂದು ನಿಂತರು. "ಬರೆಯೋ ಮಾಲು ಕೊಡ್ದೆ ಇದ್ರೆ ನೋಡ್ಕೊಳಿ" ಎಂದ ಒಬ್ಬ.

ಭಾನುವಾರವೆಲ್ಲ ದುಡಿದೆವು. ಎಣ್ಣೆಯನ್ನು ಬಟ್ಟೆಯ ತುದಿಗೆ ಮಾತ್ರ ಮುಟ್ಟಿಸಿ ಅಚ್ಚು ಒರೆಸಿದೆವು. ಮೋಡ ಕವಿದದ್ದರಿಂದ ಬಚ್ಚಲೊಲೆಯ ಪಕ್ಕದಲ್ಲಿಟ್ಟು ಒಣಗಿಸಿದೆವು. ಒಂದೊಂದನ್ನೂ ಸ್ಲೇಟಿನ ಮೇಲೆ ಗೀಚಿ ನೋಡಿದೆವು.

ಸೋಮವಾರ ಹೊಸದಾಗಿ ಕಪ್ಪು ಬಳಿದ ಬೋರ್ಡಿನ ಮೇಲೆ ಎಲ್ಲರ ಸೀಮೆಸುಣ್ಣವೂ ಬರೆಯಿತು. ಲೆಕ್ಕ ಬರದವರಿಗೂ ತಪ್ಪು ಉತ್ತರ ಚೆಂದವಾಗಿ ಮೂಡಿತು. ಕೊನೆಗೆ ನಮ್ಮ ಸರದಿ. ಡಬ್ಬ ನೋಡಿದರೆ ಒಂದೂ ಉಳಿದಿರಲಿಲ್ಲ. ಬರೆದು ಮುಗಿಸಿದವರ ತುಂಡು ತಗೊಳ್ಳಲು ಮೇಷ್ಟ್ರು ಬಿಡಲಿಲ್ಲ. ಗೆಳತಿಯ ಬ್ಯಾಗಿನ ತಳದಲ್ಲಿ ಹಳೆಯ ಮಾಲಿನ ಎರಡು ಸಿಕ್ಕವು. ಅವಳ ಲೆಕ್ಕವೂ ಜಾರಿತು, ನನ್ನದೂ ಜಾರಿತು.

ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿದರು. "ಗಿರಾಕಿಗೆ ಒಳ್ಳೇದು ಕೊಟ್ಟು ಕೆಟ್ಟದ್ದು ನೀವಿಟ್ಕೊಂಡಿದ್ದೀರ. ವ್ಯಾಪಾರ ಕಲಿತ್ರಿ. ಲೆಕ್ಕಕ್ಕೆ ಸೊನ್ನೆ."

ನಾವು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಶಾಲೆ ನಮ್ಮ ಸೀಮೆಸುಣ್ಣವನ್ನೇ ಕೊಂಡಿತು. ಆದರೆ ಅಂದು ಸಂಜೆ ಆ ಸೊನ್ನೆಗೆ ನಮ್ಮಪ್ಪನ ಸಹಿ ಹಾಕಿಸಬೇಕಾಗಿತ್ತು. ಅವರು ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ನಾನು ನೆಲ್ಲಿಕಾಯಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಮ್ಮ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಸಹಿ ಹಾಕಿ, ಪೆನ್ನಿನ ಕ್ಯಾಪು ತಿರುಗಿಸುತ್ತ, ಅಮ್ಮನಿಗೆ ಕೇಳದ ಹಾಗೆ ನನ್ನತ್ತ ಬಗ್ಗಿದರು.

"ನಮ್ಮ ಫ್ಯಾಕ್ಟರಿ ಮಕ್ಕಳಿಗೆ ಒಂದು ಸ್ಕೂಲಿದೆ. ಅಲ್ಲಿ ಸೀಮೆಸುಣ್ಣ ಬೇಕಾ ಅಂತ ಕೇಳ್ಲಾ?"