ಅವ್ವನಿಗಾಗಿ ಕಾರಿನ ಹೊಟ್ಟೆಗೆ ಕಟ್ಟಿದ ತಗಡು

ತೊಂಬತ್ತರ ದಶಕದಲ್ಲಿ ನಮ್ಮಣ್ಣ ಒಂದು ಹಳೆಯ ಕಾರು ಕೊಂಡ. ಅವ್ವ ಅದರಲ್ಲಿ ಒಮ್ಮೆ ಕೂತವಳು ಅರ್ಧ ದಾರಿಯಲ್ಲೇ ಇಳಿದುಬಿಟ್ಟಳು. "ಕಾಲಡಿ ಗುಂಯ್ ಅಂತದೆ, ವಾಲಾಡ್ತದೆ. ತಲೆ ತಿರುಗ್ತದೆ, ನಾ ಒಲ್ಲೆ ಕಣಪ್ಪ" ಅಂದಳು. ಬಸ್ಸಂತೂ ಮೊದಲೇ ಒಗ್ಗದು. ಹಾಗಾಗಿ ಪಾಂಡವಪುರದ ಹತ್ತಿರದ ನಮ್ಮೂರಿನಿಂದ ನಾಗಮಂಗಲದ ಕಡೆಯ ತವರಿಗೆ ಅವಳು ಹೋಗಿ ವರ್ಷಗಳೇ ಆಗಿದ್ದವು. ಅಲ್ಲಿ ಅವಳ ಅಕ್ಕ, ನಮ್ಮ ದೊಡ್ಡವ್ವ, ಹಾಸಿಗೆ ಹಿಡಿದಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಒಂದು ಮಾತ್ರೆ ತಂದುಕೊಡುತ್ತಿದ್ದರು. ನಮ್ಮಣ್ಣ ಕಾರಿನ ಕೆಳಗೆ ತೂರಿ ಮಲಗಿದ. ಆಲೆಮನೆ ನಡೆಸುವವನಿಗೆ ಕಾರಿನ ಉಸಾಬರಿ ಯಾಕೆ ಅಂತ ನಾನು ರೇಗಿದೆ.

"ಹೊಳೆ ದಾಟೋ ಅರಿಗೋಲಿನ ತಳ ನೋಡಿಲ್ವೇನ್ಲಾ? ನುಣ್ಣಗೈತೆ, ನೀರು ಜಾರ್ಕೊಂಡೋಯ್ತದೆ. ಇದರ ತಳ ನೋಡು, ಬರೀ ಗುಂಡಿ, ಪೈಪು. ಗಾಳಿ ಸಿಕ್ಕಾಕ್ಕೊಂಡು ಒದ್ದಾಡ್ತದೆ" ಅಂದ.

ಆಲೆಮನೆಯ ಚಾವಣಿಗೆಂದು ತಂದಿದ್ದ ಅಲ್ಯೂಮಿನಿಯಂ ತಗಡನ್ನು ಮರಳಿನ ಮೇಲೆ ಹಾಸಿ, ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ಬಾಗಿಸಿದ. ಮುಂದಿನ ಬಂಪರಿನಿಂದ ಹಿಂದಿನ ಚಕ್ರದವರೆಗೆ ಬೋಲ್ಟು ಹಾಕಿ ಕಟ್ಟಿದ. ಹಿಂದುಗಡೆ ನೂಲಿನ ಎಳೆ ಇಳಿಬಿಟ್ಟು ನಾಲೆ ಏರಿಯ ಮೇಲೆ ಓಡಿಸಿದ. ನೂಲು ಕುಣಿಯುತ್ತದೋ ನೆಟ್ಟಗಿರುತ್ತದೋ ನೋಡುವುದು ನನ್ನ ಕೆಲಸ. ಕುಣಿದರೆ ಗಾಳಿ ಇನ್ನೂ ಸಿಕ್ಕಿಕೊಳ್ಳುತ್ತಿದೆ ಅಂತ ಲೆಕ್ಕ; ತಗಡು ಬಿಚ್ಚುವುದು, ಮತ್ತೆ ತಟ್ಟುವುದು. ಊರವರೆಲ್ಲ ನಕ್ಕರು. ಕೊನೆಗೊಂದು ದಿನ ನೂಲುಗಳು ಬಾಚಿದ ಕೂದಲಿನಂತೆ ಸಾಲಾಗಿ ನಿಂತಾಗ ನಾನು ಏರಿಯ ಮೇಲೆಯೇ ಕಿರುಚಿಬಿಟ್ಟೆ. ಇಂಥವನು ನನ್ನ ಅಣ್ಣನಲ್ಲವೇ ಅಂತ ಎದೆಯುಬ್ಬಿತು.

ಅವ್ವನನ್ನು ಹೇಗೋ ಒಪ್ಪಿಸಿ ಹೊರಟೆವು. ಹುರುಳಿ ಒಕ್ಕಣೆಯ ಕಾಲ. ಮೇಲುಕೋಟೆ ದಾಟಿದ ಮೇಲೆ, ವಾಹನಗಳ ಚಕ್ರವೇ ಒಕ್ಕಲಿ ಎಂದು ರಸ್ತೆಯ ತುಂಬ ಹುರುಳಿ ಗಿಡ ಹರಡಿದ್ದರು. ಪೇಟೆಯ ಕಾರುಗಳು ಪಕ್ಕಕ್ಕೆ ಸರಿದು ಹೋಗುತ್ತವೆ. ನಮ್ಮಣ್ಣ ರೈತ, ಅದರ ಮೇಲೇ ಓಡಿಸಿದ. ಅಜ್ಜಿಯೊಬ್ಬಳು "ಇನ್ನೊಂದ್ಸಲ ಬಾರೋ ನನ್ನಪ್ಪ" ಅಂದಿದ್ದೇ ತಡ, ರಿವರ್ಸ್ ಬಂದು ಮತ್ತೆ ತುಳಿಸಿದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಳಗಿನಿಂದ ಹೊಗೆ! ತಗಡಿಗೂ ಸೈಲೆನ್ಸರಿಗೂ ನಡುವೆ ಹುರುಳಿ ಕಡ್ಡಿ ಸಿಕ್ಕಿಕೊಂಡು ಕಮರುತ್ತಿತ್ತು. ಅವ್ವನನ್ನು ಇಳಿಸಿ, ತಗಡು ಬಿಚ್ಚಿ, ಕಡ್ಡಿಯನ್ನೆಲ್ಲ ಎಳೆದುಹಾಕಿ ಮಣ್ಣು ಎರಚಿದೆವು. ಅಣ್ಣ ಮಸಿ ಮುಖದಲ್ಲೇ ಮೈಲಿಗಲ್ಲಿನ ಮೇಲೆ ಕುಸಿದ.

"ನಡಿಯವ್ವ, ಮನೆಗೋಗವಾ. ಇನ್ನು ನೀ ಕಾರು ಅತ್ತಕ್ಕಿಲ್ಲ, ಗೊತ್ತು ನಂಗೆ."

ಅವ್ವ ತಗಡಿನತ್ತ ಬಗ್ಗಿದಳು. ಅದರ ಬಾಗಿನಲ್ಲಿ ಒಕ್ಕಿದ ಹುರುಳಿ ನಿಂತಿತ್ತು. ಬಾಚಿ ಸೆರಗಿಗೆ ಕಟ್ಟಿಕೊಂಡಳು.

"ಯಾಕ್ಲಾ ಮನೆಗೆ? ಇಷ್ಟು ದೂರ ಬಂದಿವ್ನಿ, ತಲೆ ತಿರುಗ್ನಿಲ್ಲ ಕಣ್ಲಾ ನಂಗೆ. ಅದ ಕಟ್ಟು ಮೊದ್ಲು. ಅಕ್ಕ ಕಾಯ್ತಾವ್ಳೆ."

ಅಣ್ಣ ತಗಡು ಎಳೆದುಕೊಂಡು ಕಾರಿನ ಕೆಳಗೆ ತೂರಿದ. ಮುಂದಿನ ಒಕ್ಕಣೆಗಳನ್ನೆಲ್ಲ ಪಕ್ಕಕ್ಕೆ ಸರಿದು ದಾಟಿದ, ಹುರುಳಿ ಹರಡಿದವರಿಂದ ಸಾಕಷ್ಟು ಬೈಸಿಕೊಂಡ. ಅಂದು ಅದೇ ಹುರುಳಿಯ ಬಸ್ಸಾರಿಗೆ ಮುದ್ದೆ ಅದ್ದಿ, ಅವ್ವ ತನ್ನ ಅಕ್ಕನಿಗೆ ತುತ್ತು ಕೊಟ್ಟಳು.