ಹೆರಿಗೆ ಕೋಣೆಗಾಗಿ ಹಾಕದ ಸಹಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯೆಯಾಗಿದ್ದೆ. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಆಗ ಇದ್ದವರಿಗೂ ನಿಮ್ಮಂಥ ಮೊಮ್ಮಕ್ಕಳಿದ್ದಾರೆ. ಸರ್ಕಾರ ಕೊಟ್ಟ ಹಣವನ್ನು ರಸ್ತೆಗೆಷ್ಟು, ಬಾವಿಗೆಷ್ಟು, ಶಾಲೆಗೆಷ್ಟು, ಆಸ್ಪತ್ರೆಗೆಷ್ಟು ಎಂದು ಹಂಚುವುದು ಮಂಡಳಿಯ ಕೆಲಸ. ನಾನು ಮಹಿಳೆಯರ ಸ್ಥಾನಕ್ಕೆ ಬಂದವಳು. ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿ. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡಸರ ನಡುವೆ ಮಾತಾಡುವುದಿರಲಿ, ತಲೆ ಎತ್ತುವುದೂ ನನ್ನಿಂದಾಗುತ್ತಿರಲಿಲ್ಲ.

ಅದಕ್ಕೆ ಮಂಡಳಿಯವರೇ ಒಂದು ದಾರಿ ಮಾಡಿದ್ದರು. ಸಭೆಯ ತೀರ್ಮಾನಗಳನ್ನು ಬರೆಯುವ ನಡವಳಿ ಪುಸ್ತಕ ನನ್ನ ಮನೆಗೇ ಬರುತ್ತಿತ್ತು. ಜವಾನ ರಂಗಪ್ಪ ಬೆರಳಿಟ್ಟ ಕಡೆ ಸಹಿ ಹಾಕುತ್ತಿದ್ದೆ. ನಾನು ಸಭೆಗೆ ಬಂದಿದ್ದೆ ಎಂದೇ ಅದರಲ್ಲಿ ಬರೆದಿರುತ್ತಿತ್ತು. ಒಂದು ವರ್ಷ ಹೀಗೇ ನಡೆಯಿತು.

ಆ ಮಾರ್ಚ್ ತಿಂಗಳಲ್ಲಿ ರಂಗಪ್ಪ ಬಂದಾಗ ರಾಗಿ ಕೇರುತ್ತಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಪುಟ ತೆರೆದಿಟ್ಟಿದ್ದ. ನಮ್ಮ ಹೋಬಳಿಯ ಹೆಸರು ಕಂಡು ಓದಿದೆ. ನಮ್ಮಲ್ಲಿ ಎರಡು ಹೆರಿಗೆ ಕೋಣೆ ಕಟ್ಟಲು ಇಟ್ಟಿದ್ದ ಹಣವನ್ನು ಅಧ್ಯಕ್ಷರ ಊರಿನ ರಸ್ತೆಗೆ ತಿರುಗಿಸಿದ್ದರು. ಹಿಂದಿನ ತಿಂಗಳಷ್ಟೇ ಪಕ್ಕದ ಮನೆಯ ಗೌರಿ ಚಿತ್ರದುರ್ಗದ ಆಸ್ಪತ್ರೆಗೆ ಹೋಗುವಾಗ ಎತ್ತಿನ ಗಾಡಿಯಲ್ಲೇ ಹೆತ್ತಿದ್ದಳು. ಮಗು ಉಳಿದಿರಲಿಲ್ಲ.

“ಅಕ್ಕಾರೆ, ನೀವ್ಯಾವತ್ತು ಓದಿದ್ರಿ? ಸೈನ್ ಹಾಕ್ರಿ, ಬಸ್ ಹೋಗ್ತೈತೆ,” ಎಂದ ರಂಗಪ್ಪ.

“ತಡಿಯಪ್ಪ, ಅದೇ ಬಸ್ಸಿಗೆ ನಾನೂ ಬರ್ತೀನಿ.”

ಮಂಡಳಿಯ ಕಚೇರಿಗೆ ಹೋಗಿ, ಸಹಿ ಹಾಕದ ಪುಸ್ತಕವನ್ನು ಅಧ್ಯಕ್ಷರ ಮೇಜಿನ ಮೇಲೆ ಇಟ್ಟೆ.

“ಏನಮ್ಮ, ಪುಸ್ತಕ ಮನಿಗೇ ಕಳಿಸಿದ್ವಲ್ಲ, ನೀವ್ಯಾಕೆ ದಣಿದ್ರಿ?”

“ಸಭೆಗೆ ಬಂದಿದ್ದೆ ಅಂತ ಬರ್ದೀರಲ್ಲ, ಅದ್ಕೇ ಬಂದೆ.”

ಅವರು ನಕ್ಕರು. “ರಸ್ತೆ ಆದ್ರೆ ಬಸುರೇರೂ ಅದರ ಮ್ಯಾಲೇ ಹೋಗ್ತಾರೆ ತಗಳ್ರಿ.”

“ಹೋಗ್ತಾರ್ರಿ. ಅದರ ಮ್ಯಾಲೇ ಹೆರಬೇಕಾ?”

ನಗು ನಿಂತಿತು. ನನ್ನ ಸಹಿ ಇಲ್ಲದೆ ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದಷ್ಟು ಸದಸ್ಯರ ಲೆಕ್ಕ, ತುಂಬುತ್ತಿರಲಿಲ್ಲ. ತಿಂಗಳು ಮುಗಿದರೆ ಹಣ ಸರ್ಕಾರಕ್ಕೆ ವಾಪಸ್.

“ನಿಮ್ಮ ಹಟಕ್ಕೆ ಯಾರಿಗೂ ಇಲ್ದಂಗೆ ಆಗ್ತೈತೆ ನೋಡ್ರಿ.”

“ಹಂಗಾದ್ರೆ ಸಭೆ ಕರೀರಿ. ನಿಜವಾದ್ದು.”

ಆ ವಾರವೇ ಕರೆದರು. ನನಗೆ ಬಾಗಿಲ ಹತ್ತಿರದ ಬೆಂಚು ತೋರಿಸಿದರು. ನಾನು ಹೋಗಿ ಮೇಜಿನ ಮುಂದೆ ಕೂತೆ. ಗೌರಿಯ ವಿಷಯವನ್ನಷ್ಟೇ ಹೇಳಿದೆ, ಅದೂ ನೆಲ ನೋಡಿಕೊಂಡು. ಜಗ್ಗಾಡಿ ಜಗ್ಗಾಡಿ, ಎರಡು ಕೋಣೆಯ ಬದಲು ಒಂದು ಕೋಣೆ, ಮಿಕ್ಕದ್ದು ರಸ್ತೆಗೆ ಎಂದಾಯಿತು. ಊರವರು ಹೊಗಳಿದರು. ನನಗೆ ಸಮಾಧಾನವಾಗಲಿಲ್ಲ. ಮಾರನೆಯ ವಾರ ಹೋಗಿ ಹಳೆಯ ಪುಟಗಳನ್ನೆಲ್ಲ ಕೇಳಿ ಓದಿದೆ. ನಮ್ಮ ಕೇರಿಯ ಬಾವಿ, ಶಾಲೆಯ ಹೆಂಚು, ಎಲ್ಲದರ ಹಣವೂ ಬೇರೆ ಕಡೆ ಹೋಗಿತ್ತು. ಯಾರೂ ಕದ್ದಿರಲಿಲ್ಲ. ಪ್ರತಿ ಪುಟದ ಕೆಳಗೂ ನನ್ನ ದುಂಡು ಅಕ್ಷರದ ಸಹಿ ಇತ್ತು.

ಆಮೇಲೆ ಒಂದು ಸಭೆಯನ್ನೂ ನಾನು ತಪ್ಪಿಸಲಿಲ್ಲ. ಎಲ್ಲರ ಪಾಲು ಹಂಚುವ ಜಾಗಕ್ಕೆ ಹೋಗಲು ಧೈರ್ಯ ಬರಲಿ ಎಂದು ಕಾಯಬೇಡಿ ಮಕ್ಕಳೇ. ನನಗಂತೂ ಅದು ಕೊನೆಯವರೆಗೂ ಬರಲಿಲ್ಲ. ನಾಚಿಕೆಯನ್ನು ಜೊತೆಗೆ ಕರೆದುಕೊಂಡೇ ಹೋಗಿ. ಆದರೆ ಹೋಗಿ.